ದೇವರು ನಿಮ್ಮ ಮ್ಯಾನೇಜರ್ ಅಲ್ಲ

ಜನವರಿಯ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಸಮಯ ಇರುತ್ತೆ. ಈ ಸಲ ಒಬ್ಬ ಹುಡುಗ ಮೈಕ್ ಹಿಡಿದು ಹೇಳಿದ: "ಕಳೆದ ವರ್ಷ ಒಂದು ತಿಂಗಳೂ ತಪ್ಪದೆ ದಶಾಂಶ ಕೊಟ್ಟೆ. ಡಿಸೆಂಬರಿನಲ್ಲಿ ಪ್ರಮೋಷನ್ ಬಂತು. ದೇವರು ನಂಬಿಗಸ್ತ." ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತ್ರ ತಟ್ಟಲಿಲ್ಲ. ಆಕೆಯೂ ಒಂದು ತಿಂಗಳೂ ತಪ್ಪಿಸಿದವಳಲ್ಲ. ನವೆಂಬರಿನಲ್ಲಿ ಕೆಲಸ ಹೋಗಿತ್ತು. ಆಕೆಗೆ ಯಾರೂ ಮೈಕ್ ಕೊಡಲಿಲ್ಲ.

ಹುಡುಗ ಒಳ್ಳೆಯವನು, ಅವನ ಮೇಲೆ ನನಗೇನೂ ಕೋಪವಿಲ್ಲ. ಕೋಪ ಇರುವುದು ನಾವೆಲ್ಲ ಸೇರಿ ಅವನಿಗೆ ಕಲಿಸಿದ ಲೆಕ್ಕದ ಮೇಲೆ.

ವಾರಕ್ಕೆ ಐದು ದಿನ ಟಾರ್ಗೆಟ್, ಅಪ್ರೈಸಲ್, ವೇರಿಯಬಲ್ ಪೇ ಅಂತ ಬದುಕುವ ನಾವು ಭಾನುವಾರವೂ ಅದೇ ಕಣ್ಣಲ್ಲಿ ದೇವರನ್ನು ನೋಡ್ತೀವಿ. ದಶಾಂಶ ಅಂದರೆ ಎಸ್‌ಐಪಿ. ಉಪವಾಸ ಅಂದರೆ ಪ್ರೀಮಿಯಂ. ಪ್ರಾರ್ಥನೆ ಅಂದರೆ ರೈಸ್ ಮಾಡಿದ ಟಿಕೆಟ್. ಉತ್ತರ ಬರದಿದ್ದರೆ ಎಸ್ಕಲೇಟ್ ಮಾಡೋಕೆ ಪಾಸ್ಟರ್ ಇದ್ದಾರೆ. ನರಕ ಅನ್ನೋದು ಪರ್ಫಾರ್ಮೆನ್ಸ್ ಸಾಲದವರಿಗೆ ಕೊಡುವ ಕೊನೆಯ ನೋಟೀಸು. ಆಸೆ ತೋರಿಸುವ ಬೋಧಕನಿಗೂ ಹೆದರಿಸುವ ಬೋಧಕನಿಗೂ ಪರಸ್ಪರ ಆಗಿಬರೋದಿಲ್ಲ. ಆದರೆ ಇಬ್ಬರದೂ ಒಂದೇ ಅಂಗಡಿ. ಮಾತು ಕೇಳಿದರೆ ಲಾಭ, ಕೇಳದಿದ್ದರೆ ನಷ್ಟ. ಇದರಲ್ಲಿ ನಾವು ಪ್ರೀತಿಸ್ತಾ ಇರೋದು ಯಾರನ್ನು? ನಮ್ಮನ್ನೇ.

ತಕ್ಷಣ ಯಾರಾದರೂ ಮಲಾಕಿಯನ ಮೂರನೇ ಅಧ್ಯಾಯ ತೆಗೀತಾರೆ, ನನಗೆ ಗೊತ್ತು. ಹತ್ತನೇ ವಚನದಲ್ಲಿ ದೇವರೇ ನನ್ನನ್ನು ಪರೀಕ್ಷಿಸಿ ನೋಡಿ ಅಂತಾನಲ್ಲ! ಸರಿ, ಅದೇ ಅಧ್ಯಾಯದಲ್ಲಿ ಐದೇ ವಚನ ಹಿಂದೆ ಹೋಗಿ. ಕೂಲಿಯವನ ಸಂಬಳದಲ್ಲಿ ಮೋಸ ಮಾಡುವವರು, ವಿಧವೆಯನ್ನೂ ಅನಾಥನನ್ನೂ ಹಿಂಸಿಸುವವರು, ಪರದೇಶಿಗೆ ನ್ಯಾಯ ತಪ್ಪಿಸುವವರು, ಇವರ ಮೇಲೆ ಅಲ್ಲಿ ತೀರ್ಪು ಇದೆ. ಧರ್ಮೋಪದೇಶಕಾಂಡದ ಹದಿನಾಲ್ಕನೇ ಅಧ್ಯಾಯದಲ್ಲಿ ಮೂರನೇ ವರ್ಷದ ದಶಾಂಶ ಹೋಗಬೇಕಾದದ್ದು ಲೇವಿಯರ ಜೊತೆಗೆ ಇಂಥವರ ಊಟಕ್ಕೇ. ಹತ್ತನೇ ವಚನಕ್ಕೆ ಫ್ರೇಮ್ ಹಾಕಿ ಗೋಡೆಗೆ ನೇತುಹಾಕಿದ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಐದನೆಯದಕ್ಕೆ ಹಾಕಿದ ಮನೆ ಒಂದೂ ಕಂಡಿಲ್ಲ.

ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಕಥೆಯಲ್ಲೂ ನಾವು ಕಿರಿಯವನಿಗಾಗಿ ಅತ್ತು ಎದ್ದುಬರ್ತೀವಿ. ಹಿರಿಯವನನ್ನು ಯಾರೂ ಗಮನಿಸೋದಿಲ್ಲ. ಅವನು ಒಂದು ಆಜ್ಞೆಯನ್ನೂ ಮೀರಿದವನಲ್ಲ. ಆದರೆ ತಮ್ಮ ವಾಪಸ್ ಬಂದು ಮನೆಯಲ್ಲಿ ಹಬ್ಬ ನಡೆದಾಗ ಬಾಗಿಲ ಹೊರಗೆ ನಿಂತು ಲೆಕ್ಕ ಒಪ್ಪಿಸ್ತಾನೆ: ಇಷ್ಟು ವರ್ಷ ದುಡಿದೆ, ನನಗೆ ಒಂದು ಆಡಿನ ಮರಿಯೂ ಸಿಗಲಿಲ್ಲ. ಅಪ್ಪನ ಮನೆಯಲ್ಲೇ ಇದ್ದುಕೊಂಡು ಮನಸ್ಸಿನಲ್ಲಿ ಆಳಾಗಿಬಿಟ್ಟಿದ್ದ, ಪಾಪ. ನಮ್ಮ ಸಭೆಗಳು ತಯಾರು ಮಾಡ್ತಿರೋದು ಈ ಹಿರಿಯ ಮಗನನ್ನೇ.

ಹತ್ತು ಆಜ್ಞೆಗಳು ಹೇಗೆ ಶುರುವಾಗುತ್ತವೆ ನೋಡಿ. ವಿಮೋಚನಕಾಂಡದ ಇಪ್ಪತ್ತನೇ ಅಧ್ಯಾಯದಲ್ಲಿ ಮೊದಲು ಬರೋದು ಆಜ್ಞೆಯಲ್ಲ, ನೆನಪು: ಐಗುಪ್ತದ ಗುಲಾಮಗಿರಿಯಿಂದ ನಿಮ್ಮನ್ನು ಬಿಡಿಸಿದವನು ನಾನು. ಬಿಡುಗಡೆ ಆದಮೇಲೆ ಆಜ್ಞೆ. ಆಜ್ಞೆ ಪಾಲಿಸಿದರೆ ಬಿಡಿಸ್ತೀನಿ ಅಂತ ದೇವರು ಷರತ್ತು ಹಾಕಲಿಲ್ಲ. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಬಂದ ಪ್ರಶ್ನೋತ್ತರ ಪುಸ್ತಕ ಇದನ್ನು ಚೆನ್ನಾಗಿ ಹಿಡಿದಿದೆ. ಅದರಲ್ಲಿ 129 ಪ್ರಶ್ನೆ, ಮೂರು ಭಾಗ: ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ. ಹತ್ತು ಆಜ್ಞೆಗಳ ವಿವರಣೆ ಇರೋದು ಮೂರನೆಯದರಲ್ಲಿ. ವಿಧೇಯತೆ ಅನ್ನೋದು ಕಟ್ಟಬೇಕಾದ ಕಂತಲ್ಲ, ಹೇಳದೆ ಇರಲಾಗದ ಥ್ಯಾಂಕ್ಸ್.

"ಭಯ ಇಲ್ಲದಿದ್ದರೆ ಜನ ಕೆಟ್ಟುಹೋಗ್ತಾರೆ" ಅಂತ ಹಿರಿಯರು ಹೇಳ್ತಾರೆ. ಭಯ ಕೆಲಸ ಮಾಡುತ್ತೆ, ಒಪ್ಪುತ್ತೇನೆ. ಕ್ಯಾಮೆರಾ ಇರುವ ಸಿಗ್ನಲ್‌ನಲ್ಲಿ ಬೆಂಗಳೂರೂ ನಿಲ್ಲುತ್ತೆ. ಮುಂದಿನ ಸಿಗ್ನಲ್‌ನಲ್ಲಿ? ಸ್ವಾರ್ಥದಿಂದ ದೇವರ ಹತ್ತಿರ ಬರುವುದೂ ಪಾಪವಲ್ಲ. ತನಗಾಗಿ ದೇವರನ್ನು ಪ್ರೀತಿಸುವುದು ಪ್ರೀತಿಯ ನಾಲ್ಕು ಮೆಟ್ಟಿಲುಗಳಲ್ಲಿ ಎರಡನೆಯದು ಅಂತ ಹನ್ನೆರಡನೇ ಶತಮಾನದ ಸಂತ ಬರ್ನಾರ್ಡ್ ಬರೆದಿದ್ದಾನೆ. ದೇವರಿಗಾಗಿಯೇ ದೇವರನ್ನು ಪ್ರೀತಿಸುವುದು ಮೂರನೆಯದು. ಎಲ್ಲರೂ ಕೆಳಗಿನಿಂದಲೇ ಹತ್ತಬೇಕು. ನನ್ನ ತಕರಾರು ಎರಡನೇ ಮೆಟ್ಟಿಲಲ್ಲೇ ಚಾಪೆ ಹಾಸಿ, ಇದೇ ಮಹಡಿ ಅಂತ ಸಾರುವವರ ಜೊತೆ.

ಇನ್ನೊಂದು ಗುಂಪಿದೆ, ನಮ್ಮ ವಯಸ್ಸಿನವರದ್ದು. "ದೇವರು ಪ್ರೀತಿ ಅಲ್ವಾ, ರೂಲ್ಸ್ ಯಾಕೆ? ಚಿಲ್!" ಇವರಿಗೂ ಒಂದು ಮಾತು. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರಿಗೆ ಹೇಳಿದ್ದರಲ್ಲಿ ಪ್ರೀತಿ, ಆಜ್ಞೆ ಎರಡೂ ಒಂದೇ ಉಸಿರಿನಲ್ಲಿವೆ. ಯೋಹಾನ ಹದಿನಾಲ್ಕು ಓದಿ. ಪ್ರೀತಿ ಕೇಳುವುದು ಭಯ ಕೇಳುವುದಕ್ಕಿಂತ ಹೆಚ್ಚು. ಜ್ವರ ಬಂದ ಮಗುವಿನ ಪಕ್ಕ ರಾತ್ರಿ ಎರಡಕ್ಕೆ ಎದ್ದು ಕೂತ ಅಮ್ಮನನ್ನು ಯಾವ ನಿಯಮ ಎಬ್ಬಿಸಿತು? ಆ ಹೊತ್ತಿನಲ್ಲಿ ಅವಳಿಗೆ ಉಕ್ಕಿಬರುತ್ತಿರುವುದು ಭಾವನೆಯಲ್ಲ, ನಿದ್ದೆ. ಆದರೂ ಕೂತಿದ್ದಾಳೆ. ಫೀಲಿಂಗ್ ಬಂದಾಗ ಮಾತ್ರ ಪಾಲಿಸ್ತೀನಿ ಅನ್ನುವವನು ಪ್ರೀತಿಯನ್ನಲ್ಲ, ಮೂಡನ್ನು ಪಾಲಿಸ್ತಿದ್ದಾನೆ.

ಪೇತ್ರನ ಕಥೆ ನನಗೆ ಇಷ್ಟ. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸಿಕೊಳ್ಳುತ್ತಾ, ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಮೂರು ಸಲ ಹೇಳಿಬಿಟ್ಟವನು. ಆಮೇಲೆ ಕೆರೆಯ ದಡದಲ್ಲಿ ಮತ್ತೊಂದು ಇದ್ದಲ ಬೆಂಕಿ, ಮೇಲೆ ಮೀನು, ಎದುರಿಗೆ ಎದ್ದುಬಂದ ಯೇಸು. ನಾವಾಗಿದ್ದರೆ ರಿವ್ಯೂ ಮೀಟಿಂಗ್ ಕರೆದು, ಏನಾಯ್ತು, ಯಾಕಾಯ್ತು, ಇನ್ನು ಹೀಗಾಗದಂತೆ ಏನು ಪ್ಲ್ಯಾನ್ ಅಂತ ಕೇಳ್ತಿದ್ದೆವು. ಯೇಸು ಕೇಳಿದ್ದು ಒಂದೇ ಪ್ರಶ್ನೆ, ಮೂರು ಸಲ: ನನ್ನನ್ನು ಪ್ರೀತಿಸ್ತೀಯಾ? ಪ್ರತಿ ಸಲ ಹೌದು ಅಂದಾಗಲೂ ಒಂದು ಕೆಲಸ ಕೊಟ್ಟ: ಹಾಗಾದರೆ ನನ್ನ ಮಂದೆಯನ್ನು ನೋಡಿಕೋ. ಆ ಕೆಲಸದ ಕೊನೆಯಲ್ಲಿ ಬೋನಸ್ ಇಲ್ಲ, ಪ್ರಾಣ ಕೊಡಬೇಕಾಗುತ್ತದೆ ಅನ್ನುವುದನ್ನೂ ಅಲ್ಲೇ ಹೇಳಿದ.

ಕೆಲಸ ಕಳೆದುಕೊಂಡ ಆ ಹೆಂಗಸು ಮುಂದಿನ ಭಾನುವಾರವೂ ಬಂದಿದ್ದಳು. ಎಂದಿನಂತೆ ಸಂಡೇ ಸ್ಕೂಲಿನ ಚಿಕ್ಕಮಕ್ಕಳಿಗೆ ಪಾಠ ಮಾಡಿ, ಅವರ ಶೂ ಲೇಸು ಕಟ್ಟಿ ಕಳಿಸಿದಳು. ಅದರಿಂದ ಆಕೆಗೆ ಸಿಗೋದು ಏನೂ ಇಲ್ಲ. ಮುಂದಿನ ಜನವರಿಯಲ್ಲಿ ಮೊದಲ ಮೈಕ್ ಆಕೆಗೆ ಕೊಡಿ ಅಂತ ಸಭೆಯ ಹಿರಿಯರಿಗೆ ಹೇಳಿದ್ದೇನೆ. "ಆಕೆಗೆ ಅಷ್ಟರೊಳಗೆ ಕೆಲಸ ಸಿಕ್ಕಿದರೆ ಕೊಡೋಣ" ಅಂದರು. ಸಿಗದಿದ್ದರೂ ಕೊಡಿ, ಅಂದೆ. ಇನ್ನೂ ಉತ್ತರ ಬಂದಿಲ್ಲ.