ಓರೆ ಪ್ಲಾಟಿಗೆ ನೆಟ್ಟಗಿನ ನಕಾಶೆ

ಬೀದರಿನಿಂದ ಔರಾದ ಬಸ್ಸು ಹಿಡಿದವರಿಗೆ ಜನವಾಡದಲ್ಲಿ ರಸ್ತೆಗೆ ಹತ್ತಿ ಎದ್ದ ಮನೆಗಳು ಕಾಣುತ್ತವೆ. ಮುಂದೆ ಶಟರಿನ ಅಂಗಡಿ, ಹಿಂದೆ ಸಂಸಾರ. ಒಳಗೆ ಕಾಲಿಟ್ಟರೆ ಹಗಲು ಹನ್ನೆರಡಕ್ಕೂ ಬಲ್ಬು ಹಚ್ಚಬೇಕು. ಯಾಕ್ರೀ ಅಂದರೆ, 'ಜಾಗಾನೇ ಓರೆ ಐತಿ, ಏನ್ ಮಾಡೋದು' ಅನ್ನುತ್ತಾರೆ. ಜಾಗದ ಮೇಲೆ ತಪ್ಪು ಹಾಕುವುದು ಸುಲಭ.

ಓರೆ ಜಾಗ ನಮ್ಮ ಕಡೆ ಹೊಸದಲ್ಲ. ಅಪ್ಪನ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತದೆ, ಓಣಿ ತಿರುಗಿದಲ್ಲಿ ಪಾಲೂ ತಿರುಗುತ್ತದೆ. ರಸ್ತೆ ಹೊಲವನ್ನು ಸೀಳಿಕೊಂಡು ಹೋದಲ್ಲಿ ಮೂರು ಮೂಲೆಯ ತುಂಡು ಉಳಿಯುತ್ತದೆ. ಹೊಸದಾಗಿರುವುದು ನಕಾಶೆ. ಯಾವುದೋ ಬಡಾವಣೆಯ 30-40ರ ನಕಾಶೆಯನ್ನು ಮೊಬೈಲಿನಲ್ಲಿ ತಂದು, 'ಹಿಂಗೇ ಕಟ್ರಿ' ಎಂದು ಗೌಂಡಿಗೆ ತೋರಿಸುತ್ತಾರೆ. ಅವನು ಗಡಿ ಹೋದಂತೆ ಗೋಡೆ ಎಬ್ಬಿಸುತ್ತಾನೆ, ಕೋಣೆಗಳೆಲ್ಲ ಓರೆ. ಮಂಚ ಹಾಕಿದರೆ ಕಪಾಟು ಕೂಡುವುದಿಲ್ಲ.

ಒಂದು ಲೆಕ್ಕ ನೋಡಿ. ರಸ್ತೆಗೆ 20 ಅಡಿ, ಹಿಂದೆ 32 ಅಡಿ, ಉದ್ದ 45 ಅಡಿ. ಒಂದು ಮಗ್ಗುಲು ನೆಟ್ಟಗೆ, ಇನ್ನೊಂದು ಓರೆ. ನೆಟ್ಟಗಿನ ಮಗ್ಗುಲಿಗೆ ಹತ್ತಿ 20 ಅಡಿ ಅಗಲದಲ್ಲಿ ಅಂಗಡಿ, ಪಡಸಾಲೆ, ಕೋಣೆ, ಅಡುಗೆಮನೆಗಳನ್ನು ಸಾಲಾಗಿ ಗುಣ್ಯಾ ಹಿಡಿದು ಕಟ್ಟಲಿ. ಓರೆ ಎಲ್ಲ ಹೊರಗೆ ಬೀಳುತ್ತದೆ. ಹಿಂದಿನ ಅರ್ಧದಲ್ಲಿ 6 ಅಡಿಯಿಂದ 12 ಅಡಿಗೆ ಅಗಲವಾಗುವ, ಸುಮಾರು 200 ಚದರ ಅಡಿಯ ತುಂಡು ಸಿಗುತ್ತದೆ. ಬಚ್ಚಲು, ಮೆಟ್ಟಿಲು ಅಲ್ಲಿಗೆ ಹೋಗಲಿ. ಉಳಿದದ್ದು ತೆರೆದ ಅಂಗಳ. ಎರಡು ಕೋಣೆಗೆ ಆ ಕಡೆಯಿಂದಲೇ ಕಿಟಕಿ. ಮುಂದಿನ ಸಣ್ಣ ಚೂಪು ಅಂಗಡಿಯ ಮಾಲು ಇಡಲು ಸಾಕು. ಮೇಲೆ ಸ್ಲ್ಯಾಬು ಹಾಕಿ ಅಂಗಳ ಮುಚ್ಚುವ ಆಸೆ ಮಾತ್ರ ಬೇಡ. ಬೀದರಿನ ಮಹಮೂದ್ ಗಾವಾನ್ ಮದರಸಾ ಎಲ್ಲರೂ ಕಂಡದ್ದೇ. 15ನೇ ಶತಮಾನದ ಅಷ್ಟು ದೊಡ್ಡ ಕಟ್ಟಡಕ್ಕೂ ನಡುವೆ ಅಂಗಳ ಬೇಕಾಯಿತು.

ಮುಂದೆ ಕಿರಿದು ಹಿಂದೆ ಹಿರಿದಾದ ಇಂಥ ಜಾಗವನ್ನು ಹಿರಿಯರು ಗೋಮುಖ ಎಂದು ಮನೆಗೆ ಒಪ್ಪುತ್ತಾರೆ, ಮುಂದೆ ಅಗಲವಾದ ವ್ಯಾಘ್ರಮುಖ ಅಂಗಡಿಗೆ. ಶಾಸ್ತ್ರ ನಂಬುವುದು ಬಿಡುವುದು ಅವರವರಿಗೆ. ವ್ಯಾಪಾರಕ್ಕೆ ಅಗಲ ಮುಖ ಬೇಕೆನ್ನುವುದಂತೂ ಯಾವ ಅಂಗಡಿಯವನಿಗೂ ಗೊತ್ತು.

ನಕಾಶೆಗಿಂತ ಮೊದಲೇ ಪೆಟ್ಟು ಬೀಳುವುದು ಖರೀದಿಯಲ್ಲಿ. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ಇದೆ. ಓರೆ ಜಾಗಕ್ಕೆ ಈ ಲೆಕ್ಕ ಯಾವಾಗಲೂ ಹೆಚ್ಚೇ ತೋರಿಸುತ್ತದೆ. ಮೇಲಿನ ಪ್ಲಾಟು ನಿಜಕ್ಕೆ 1170 ಚದರ ಅಡಿ. ಸರಾಸರಿ ಲೆಕ್ಕದಲ್ಲಿ ಸುಮಾರು 1190. ಇಲ್ಲದ 20 ಅಡಿಗೆ ದುಡ್ಡು! ಓರೆ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆದ್ದರಿಂದ ನಾಲ್ಕು ಬದಿಯ ಜತೆಗೆ ಮೂಲೆಯಿಂದ ಮೂಲೆಗೂ ಟೇಪು ಹಿಡಿಸಿ. ಆಗ ಪ್ಲಾಟು ಎರಡು ತ್ರಿಕೋನವಾಗುತ್ತದೆ, ಮೋಸಕ್ಕೆ ಎಡೆ ಇರುವುದಿಲ್ಲ.

ಇನ್ನು ಕೆಲವರು ಓರೆ ತಿದ್ದುವುದು ಓಣಿ ನುಂಗಿ. ಗೋಡೆ ಒಂದೂವರೆ ಅಡಿ ಹೊರಗೆ, ಅದರಾಚೆ ಕಟ್ಟೆ, ಅದರಾಚೆ ತಗಡು. ಬಸ್ಸಿಗೆ ಕಾಯುವವರು ಡಾಂಬರಿನ ಮೇಲೆ ನಿಲ್ಲಬೇಕು. ಗೋಡೆ ಎದ್ದ ಮೇಲೆ ನೋಟೀಸು ಕೊಟ್ಟರೆ ಜಗಳವೇ ಹೊರತು ದಾರಿ ಬಿಡಿಸಿದಂತಾಗದು. ಪಂಚಾಯಿತಿಯವರು ಪರವಾನಗಿ ಕೊಡುವ ಮುನ್ನ ಸ್ಥಳಕ್ಕೆ ಬಂದು, ಬುನಾದಿ ತೋಡುವ ದಿನವೇ ಸುಣ್ಣದ ಗೆರೆ ಹಾಕಿಸಲಿ. ಪೂರ್ವ-ಪಶ್ಚಿಮ ಇಷ್ಟು, ಉತ್ತರ-ದಕ್ಷಿಣ ಇಷ್ಟು ಎಂದು ಎರಡೇ ಅಳತೆ ಬರೆದು ಮುಗಿಸದೆ, ಓರೆ ಪ್ಲಾಟುಗಳಿಗೆ ಮೂಲೆ ಅಳತೆಯನ್ನೂ ದಾಖಲಿಸಲಿ.