ಶಟರ್ ಎಳೆದರೂ ಕರೆಂಟ್ ಬಿಲ್ ಬರುವುದೇಕೆ? ಶಕ್ತಿನಗರದ ಲೆಕ್ಕ ಸಾಲಗುಂದದವರೆಗೆ

ಸಾಲಗುಂದ: ಒಂದು ತಿಂಗಳು ಅಂಗಡಿ ಬಾಗಿಲು ತೆಗೆಯದಿದ್ದರೂ ಜೆಸ್ಕಾಂ ಬಿಲ್ ಸೊನ್ನೆ ಆಗುವುದಿಲ್ಲ. ಮೀಟರ್ ಓಡಿರುವುದಿಲ್ಲ, ‘ನಿಗದಿತ ಶುಲ್ಕ’ ಮಾತ್ರ ತಪ್ಪುವುದಿಲ್ಲ. ಬಳಸದ ಕರೆಂಟಿಗೆ ಯಾಕ್ರೀ ರೊಕ್ಕ ಅನ್ನುವುದು ವ್ಯಾಪಾರಸ್ಥರ ಹಳೆಯ ಸಿಟ್ಟು. ಉತ್ತರದ ಒಂದು ಭಾಗ ಸುಮಾರು ನೂರು ಕಿ.ಮೀ. ಆಚೆ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿದೆ.

ಅಲ್ಲಿನ ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ಏಳು ಘಟಕಗಳು ತಲಾ 210 ಮೆಗಾವ್ಯಾಟ್, ಕೊನೆಯದು 250, ಒಟ್ಟು 1,720. ಒಂದು ಯೂನಿಟ್ ಕರೆಂಟಿಗೆ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. 210ರ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 3,400 ಟನ್ ಹತ್ತಿರ, ಹೆಚ್ಚುಕಡಿಮೆ ಒಂದು ಗೂಡ್ಸ್ ರೈಲಿನಷ್ಟು. ಸುಟ್ಟ ಶಾಖದಲ್ಲಿ ಕರೆಂಟಾಗುವುದು ಮೂರರಲ್ಲಿ ಒಂದು ಪಾಲು. ಉಳಿದದ್ದು ಹೊಗೆ ಮತ್ತು ನೀರಿನ ಜೊತೆ ಹೋಗುತ್ತದೆ. ಒಡಿಶಾದಂಥ ದೂರದ ಗಣಿಯಿಂದ ಬಂದ ಕಲ್ಲಿದ್ದಲಿಗೆ ರೈಲು ಬಾಡಿಗೆಯೇ ದೊಡ್ಡ ಹೊರೆ.

ಕೆಪಿಸಿಎಲ್‌ಗೆ ಎಸ್ಕಾಂಗಳು ಕೊಡುವ ದರದಲ್ಲಿ ಎರಡು ತುಂಡು. ಕಲ್ಲಿದ್ದಲಿನ ಖರ್ಚು ಉತ್ಪಾದನೆ ಆದಷ್ಟಕ್ಕೆ. ಸಾಲದ ಬಡ್ಡಿ, ಸಿಬ್ಬಂದಿ ಸಂಬಳ, ದುರಸ್ತಿ ಇವು ಸ್ಥಿರ ವೆಚ್ಚ: ಘಟಕ ಓಡಲು ಸಿದ್ಧವಾಗಿದ್ದರೆ ಸಾಕು, ಓಡದಿದ್ದರೂ ಕೊಡಬೇಕು. ಅಂಗಡಿ ಬಾಡಿಗೆ ಇದ್ದ ಹಾಗೆ, ಗಿರಾಕಿ ಬರಲಿ ಬಿಡಲಿ.

ಓಡದೆ ನಿಲ್ಲುವ ದಿನಗಳು ಈಗ ಕಡಿಮೆಯೇನಿಲ್ಲ. ಮಳೆಗಾಲದಲ್ಲಿ ಜಲವಿದ್ಯುತ್, ಗಾಳಿ ಜೋರು. ಹಗಲು ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಇದೆ. ಆಗ ಶಕ್ತಿನಗರಕ್ಕೆ ಉತ್ಪಾದನೆ ಇಳಿಸಲು ಹೇಳುತ್ತಾರೆ. ಆದರೆ ಬಾಯ್ಲರ್ ಅಂದರೆ ಪಂಪ್‌ಸೆಟ್ ಅಲ್ಲ, ಸ್ವಿಚ್ ಒತ್ತಿದರೆ ಶುರುವಾಗಲು. ಪೂರ್ತಿ ತಣ್ಣಗಾದದ್ದನ್ನು ಮತ್ತೆ ಹೊತ್ತಿಸಲು ತಾಸುಗಟ್ಟಲೆ ಎಣ್ಣೆ ಸುಡಬೇಕು. ಅರ್ಧಂಬರ್ಧ ಓಡಿಸಿದರೆ ಪ್ರತಿ ಯೂನಿಟ್‌ಗೆ ಕಲ್ಲಿದ್ದಲು ಇನ್ನೂ ಜಾಸ್ತಿ. ಹಾಗಂತ ಮುಚ್ಚುವಂತೆಯೂ ಇಲ್ಲ. ಬೇಸಿಗೆಯ ಸಂಜೆ ಏಳಕ್ಕೆ ಸೂರ್ಯ ಇರುವುದಿಲ್ಲ, ಫ್ಯಾನು, ಫ್ರಿಜ್ಜು ಎಲ್ಲ ಓಡುತ್ತಿರುತ್ತವೆ.

ಜೆಸ್ಕಾಂ ಕೊಡುವ ಈ ಸ್ಥಿರ ವೆಚ್ಚ, ಅದರ ಮೇಲೆ ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ ಖರ್ಚು ಸೇರಿ ಒಂದಷ್ಟು ನಿಗದಿತ ಶುಲ್ಕವಾಗಿ, ಉಳಿದದ್ದು ಯೂನಿಟ್ ದರದಲ್ಲಿ ಗ್ರಾಹಕರಿಗೆ ಬರುತ್ತದೆ. 2025ರ ಏಪ್ರಿಲ್‌ನಿಂದ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಬೇರೆ ಸೇರಿತು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ, ಮನೆಗೆ ಗೃಹಜ್ಯೋತಿಯಲ್ಲಿ ಸರ್ಕಾರ ರೊಕ್ಕ ಕಟ್ಟುತ್ತದೆ. ಕಿರಾಣಿ, ಹೋಟೆಲ್, ಝೆರಾಕ್ಸ್ ಅಂಗಡಿಗೆ ಅಂಥ ಆಸರೆ ಇಲ್ಲ. ಕಲ್ಲಿದ್ದಲು ಸುಟ್ಟು ಉಳಿಯುವ ಬೂದಿ ಮೂರನೇ ಒಂದು ಪಾಲಿನಷ್ಟು, ಅದೂ ರಾಯಚೂರು ಜಿಲ್ಲೆಯಲ್ಲೇ ಬೀಳುತ್ತದೆ. ಅದಕ್ಕಾಗಿ ಇಲ್ಲಿನವರ ಬಿಲ್ಲಿನಲ್ಲಿ ಒಂದು ಪೈಸೆ ರಿಯಾಯಿತಿ ಇಲ್ಲ. ಇದು ನ್ಯಾಯವಲ್ಲ, ಆದರೆ ಕೆಇಆರ್‌ಸಿ ಮುಂದೆ ಕೇಳುವವರೂ ಕಮ್ಮಿ. ದರ ಪರಿಷ್ಕರಣೆಗೆ ಮುನ್ನ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯುತ್ತದೆ, ಯಾರು ಬೇಕಾದರೂ ಬರೆಯಬಹುದು.

ಸದ್ಯಕ್ಕೆ ಕೈಯಲ್ಲಿರುವುದು ಒಂದೇ. ನಿಗದಿತ ಶುಲ್ಕ ಬೀಳುವುದು ಮಂಜೂರಾದ ಕಿಲೋವ್ಯಾಟ್ ಮೇಲೆ. ಹಿಂದೆ ಹಿಟ್ಟಿನ ಗಿರಣಿ ಇದ್ದ ಜಾಗದಲ್ಲಿ ಈಗ ಬಟ್ಟೆ ಅಂಗಡಿ ಇದ್ದರೂ ಹಳೇ ಲೋಡ್‌ಗೇ ಶುಲ್ಕ ಕಟ್ಟುತ್ತಿರುತ್ತಾರೆ. ಬೇಸಿಗೆಯದೂ ಸೇರಿ ಒಂದು ವರ್ಷದ ಬಿಲ್‌ಗಳಲ್ಲಿ ಗರಿಷ್ಠ ಬೇಡಿಕೆ ಎಷ್ಟಿತ್ತು ನೋಡಿ, ಲೋಡ್ ಇಳಿಸಲು ಜೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಕೊಡಬಹುದು. ತೀರಾ ಇಳಿಸಿದರೆ ಮಾತ್ರ ಮಿತಿ ಮೀರಿದ ತಿಂಗಳು ದಂಡ ಬೀಳುತ್ತದೆ.