ಸಾಲು ಚಿಕ್ಕದು, ಕಾಯುವಿಕೆ ದೊಡ್ಡದು!

ಭಾನುವಾರ ವೈಟ್‌ಫೀಲ್ಡ್‌ನಿಂದ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ತಿಂಡಿಗೆ ಬಂದವರಿಗೆ ಬಾಗಿಲಲ್ಲೇ ಪರೀಕ್ಷೆ. 1924ರಲ್ಲಿ ಆರಂಭವಾದ ಈ ಹೋಟೆಲಿನಲ್ಲಿ ಹೆಸರು ಬರೆಸಿ ಕಾಯುವುದು ಹಳೆಯ ರೂಢಿ. ಮಕ್ಕಳಿಗೆ ಹಸಿವು. ಕಾಯುವುದೋ, ಬೇರೆಡೆಗೆ ಹೋಗುವುದೋ? ಸಾಲಿನ ಉದ್ದ ನೋಡಿ ತೀರ್ಮಾನಿಸಿದರೆ ಮೋಸ ಹೋದೀರಿ!

ಒಂದು ಹೋಟೆಲಿನಲ್ಲಿ 20 ಟೇಬಲ್‌ಗಳಿವೆ, ತಿಂಡಿ ಮುಗಿಸಲು 40 ನಿಮಿಷ ಬೇಕು ಎನ್ನೋಣ. ಸರಾಸರಿ 2 ನಿಮಿಷಕ್ಕೊಂದು ಟೇಬಲ್ ಖಾಲಿಯಾಗುತ್ತದೆ. ಮುಂದೆ 9 ಕುಟುಂಬಗಳಿದ್ದರೂ ನಿಮ್ಮ ಸರದಿ ಸುಮಾರು 20 ನಿಮಿಷಕ್ಕೆ ಬರುತ್ತದೆ. ಇನ್ನೊಂದು ದುಬಾರಿ ರೆಸ್ಟೋರೆಂಟ್. ಟೇಬಲ್ ಐದೇ, ಊಟಕ್ಕೆ 90 ನಿಮಿಷ. ಅಲ್ಲಿ ಟೇಬಲ್ ಖಾಲಿಯಾಗುವುದು 18 ನಿಮಿಷಕ್ಕೊಂದು. ಮುಂದೆ ಮೂರೇ ಕುಟುಂಬಗಳಿದ್ದರೂ 72 ನಿಮಿಷ ಕಾಯಬೇಕು!

ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್, 1909ರಲ್ಲಿ ಫೋನ್ ಕರೆಗಳ ಬಗ್ಗೆ ಲೆಕ್ಕ ಹಾಕಿ ಸರತಿ ಸಾಲಿನ ಶಾಸ್ತ್ರಕ್ಕೆ ತಳಹದಿ ಹಾಕಿದರು. ಆಸ್ಪತ್ರೆ, ಬ್ಯಾಂಕುಗಳ ಸಾಲಿಗೂ ಅದೇ ಶಾಸ್ತ್ರ.

ಟೇಬಲ್ ಕಾದಿರಿಸಿ ಹೋಗಲಾಗದಿದ್ದರೆ ಕೂಡಲೇ ಫೋನ್ ಮಾಡಿ ತಿಳಿಸಿ. ಐದು ಟೇಬಲ್‌ಗಳ ಆ ರೆಸ್ಟೋರೆಂಟಿನಲ್ಲಿ, ಬಾಗಿಲಲ್ಲಿ ನಿಂತ ಪ್ರತಿ ಕುಟುಂಬಕ್ಕೂ ಸುಮಾರು 18 ನಿಮಿಷ ಉಳಿದೀತು. ಮಕ್ಕಳೇ, ಮುಂದಿನ ಸಲ ಸಾಲಿನಲ್ಲಿ ನಿಂತಾಗ ತಲೆಗಳನ್ನಷ್ಟೇ ಎಣಿಸಬೇಡಿ, ಗಡಿಯಾರವನ್ನೂ ನೋಡಿ.